ಎದುರು ಮನೆಯ ಬಾಯಮ್ಮನ ಹೆದರಿಕೆ

ಹೆದರಿಕೆಯಾದಾಗ ಬಾಯಮ್ಮನ ಎಡಗಣ್ಣಿನ ರೆಪ್ಪೆ ಸಣ್ಣಗೆ ಅದುರುತ್ತಿತ್ತು. ಮುಖದಲ್ಲಿ ಬೇರೇನೂ ಕಾಣುತ್ತಿರಲಿಲ್ಲ. ಹರೆಯದಿಂದಲೂ ನರ್ಸ್ ಕೆಲಸ ಮಾಡಿದವರು, ರೋಗಿಯ ಮುಂದೆ ಮುಖ ಬಿಗಿಹಿಡಿಯುವುದು ಅಭ್ಯಾಸವಾಗಿಬಿಟ್ಟಿತ್ತು. ಆ ರೆಪ್ಪೆ ಮಾತ್ರ ಅವರ ಮಾತು ಕೇಳುತ್ತಿರಲಿಲ್ಲ.

ದುಬೈಯ ಡಿಸ್ಕವರಿ ಗಾರ್ಡನ್ಸ್‌ನಲ್ಲಿ ನಮ್ಮ ಎದುರಿನ ಫ್ಲ್ಯಾಟು ಅವರದು. ಅವರು ಮಂಗಳೂರಿನ ಕೊಂಕಣಿ ಕ್ರೈಸ್ತರು, ನಾವು ಉಡುಪಿಯ ಹಿಂದೂಗಳು. ನಮ್ಮ ಕಡೆ ಕ್ರೈಸ್ತ ಹೆಂಗಸರನ್ನು ಕರೆಯುವಂತೆ ನಾನು ಅವರನ್ನು ಬಾಯಮ್ಮ ಎನ್ನುತ್ತಿದ್ದೆ. ಗಂಡ ತೀರಿಕೊಂಡಿದ್ದರು, ಹತ್ತಿರದ ಕ್ಲಿನಿಕ್ಕಿನಲ್ಲಿ ಇನ್ನೂ ಡ್ಯೂಟಿಗೆ ಹೋಗುತ್ತಿದ್ದರು. ಯಾರು ಏನೇ ಕಷ್ಟ ಹೇಳಿಕೊಂಡು ಬಂದರೂ, ಮೊದಲು ಅವರ ಕೈ ಹಿಡಿದು ನಾಡಿ ನೋಡಿ, ಏನು ತಿಂದಿದ್ದೀರಿ ಎಂದು ವಿಚಾರಿಸುವರು. ಕಷ್ಟದ ಮಾತು ಆಮೇಲೆ.

ಅವರ ಒಬ್ಬನೇ ಮಗ ಹುಟ್ಟಿ ಬೆಳೆದದ್ದು ಅಬುಧಾಬಿಯ ಖಾಲಿದಿಯಾದಲ್ಲಿ. ಚಿಕ್ಕಂದಿನಲ್ಲಿ ಚರ್ಚಿನ ಪೂಜೆಯಲ್ಲಿ ಪಾದ್ರಿಗಳ ಸಹಾಯಕ್ಕೆ ನಿಲ್ಲುತ್ತಿದ್ದ ಹುಡುಗ. ಅಮೆರಿಕಕ್ಕೆ ಓದಲು ಹೋದವನು ಅಲ್ಲಿಯವಳನ್ನೇ ಮದುವೆಯಾದ. ಸೊಸೆಯ ಅಜ್ಜ ಚರ್ಚೊಂದರ ಪಾಸ್ಟರ್ ಆಗಿದ್ದವರಂತೆ, ತಾಯಿ ನಡುವಯಸ್ಸಿನಲ್ಲಿ ಬೌದ್ಧ ಧರ್ಮಕ್ಕೆ ಸೇರಿದರಂತೆ, ಅವಳಿಗೆ ಯಾವ ಧರ್ಮವೂ ಇಲ್ಲವಂತೆ. ಅಲ್ಲಿ ಅದೊಂದು ವಿಶೇಷವೇ ಅಲ್ಲ ಎಂದು ಮಗ ಹೇಳಿದ್ದ. ಹೆಣ್ಣುಮಗು ಹುಟ್ಟಿದಾಗ ಗಂಡ ಹೆಂಡತಿ ಸೇರಿ, ತಲೆಗೆ ನೀರು ಹೊಯ್ದು ಕ್ರೈಸ್ತಳಾಗಿಸುವ ದೀಕ್ಷಾಸ್ನಾನ ಮಾಡಿಸುವುದಿಲ್ಲ, ದೊಡ್ಡವಳಾದ ಮೇಲೆ ಅವಳಿಗೆ ಬೇಕಾದದ್ದನ್ನು ಅವಳೇ ಆರಿಸಿಕೊಳ್ಳಲಿ ಎಂದು ತೀರ್ಮಾನಿಸಿದರು.

ದೀಕ್ಷಾಸ್ನಾನವಾಗದೆ ಮಗುವಿಗೇನಾದರೂ ಆದರೆ ಅದರ ಆತ್ಮದ ಗತಿ ಏನು ಎಂಬ ಹೆದರಿಕೆಯಿಂದ ಬಾಯಮ್ಮ ಆಗ ದಿನವೂ ಫೋನ್ ಮಾಡಿದರು. ಅತ್ತರು, ಬೈದರು, ತೀರಿಹೋದ ಗಂಡನ ಹೆಸರೆತ್ತಿದರು. ಮಗ ಫೋನ್ ಎತ್ತುವುದನ್ನೇ ಬಿಟ್ಟ. ಆರು ತಿಂಗಳು ಅವರು ವಿಡಿಯೋದಲ್ಲೂ ಮಗುವಿನ ಮುಖ ಕಾಣಲಿಲ್ಲ. ಕೊನೆಗೆ ಬಾಯಮ್ಮ ಆ ವಿಷಯ ಇನ್ನು ಎತ್ತುವುದಿಲ್ಲ, ಮಗ ಸೊಸೆಗೆ ತಿಳಿಯದಂತೆ ಏನೂ ಮಾಡುವುದಿಲ್ಲ ಎಂದು ಮಾತು ಕೊಟ್ಟ ಮೇಲೆ, ಮಗುವಿಗೆ ಎರಡು ತುಂಬುವ ಹೊತ್ತಿಗೆ ಅವರೆಲ್ಲ ದುಬೈಗೆ ಬಂದರು.

ಒಂದು ದಿನ ಮಗ, ತಾನು ಬೆಳೆದ ಅಬುಧಾಬಿಯನ್ನು ತೋರಿಸಲು ಸೊಸೆಯನ್ನು ಕರೆದುಕೊಂಡು ಹೋಗಿದ್ದ. ಮಗುವಿಗೆ ಬೆಳಿಗ್ಗೆಯಿಂದ ಸ್ವಲ್ಪ ಮೈ ಬಿಸಿ ಇತ್ತು, ಅಜ್ಜಿಯ ಬಳಿ ಬಿಟ್ಟಿದ್ದರು. ನಾನು ನೀರುದೋಸೆ ಕೊಡಲು ಹೋದವಳು ಬಾಗಿಲಲ್ಲೇ ನಿಂತುಬಿಟ್ಟೆ. ಮಗು ನೆಲದ ಮೇಲೆ ಸೆಟೆದುಕೊಂಡು ಬಿದ್ದಿತ್ತು. ಕೈಕಾಲು ಎಳೆಯುತ್ತಿತ್ತು, ಕಣ್ಣು ಮೇಲೆ ಸಿಕ್ಕಿಕೊಂಡಿತ್ತು. ಬಾಯಮ್ಮ ಅದನ್ನು ಮಗ್ಗುಲಿಗೆ ಹೊರಳಿಸಿ, ತಲೆಯ ಕೆಳಗೆ ಕೈ ಕೊಟ್ಟು, ಆಂಬುಲೆನ್ಸ್ ಕರೆಯಲು ಹೇಳಿದರು. ಗಡಿಬಿಡಿಯಲ್ಲಿ ಎರಡು ಸಲ ತಪ್ಪು ನಂಬರ್ ಒತ್ತಿ, ಮೂರನೆಯ ಸಲ ಆಂಬುಲೆನ್ಸಿಗೆ ಹೇಳಿದೆ. ಮಗುವಿನ ತುಟಿ ನೀಲಿಗಟ್ಟತೊಡಗಿತು.

“ನೀರು ತಾ,” ಎಂದರು ಬಾಯಮ್ಮ.

ಮೈ ಒರೆಸಲಿಕ್ಕೆಂದುಕೊಂಡು ಚೊಂಬಿನಲ್ಲಿ ತಂದೆ. ಅವರು ಬಟ್ಟೆ ಕೇಳಲಿಲ್ಲ. ಚೊಂಬನ್ನು ಮಗುವಿನ ತಲೆಯ ಹತ್ತಿರ ಹಿಡಿದರು. ಆಗ ನನಗೆ ಗೊತ್ತಾಯಿತು. ಸಾಯುವ ಸ್ಥಿತಿಯಲ್ಲಿರುವ ಕೂಸಿಗೆ ಪಾದ್ರಿಯೇ ಬೇಕೆಂದಿಲ್ಲ, ಯಾರು ಬೇಕಾದರೂ ನೀರು ಹೊಯ್ದು ದೀಕ್ಷಾಸ್ನಾನ ಕೊಡಬಹುದು, ಊರಿನ ಆಸ್ಪತ್ರೆಯಲ್ಲಿ ತಾಯಂದಿರು ಕೇಳಿಕೊಂಡಾಗ ತಾನೇ ಕೊಟ್ಟದ್ದುಂಟು ಎಂದು ಅವರು ಹಿಂದೆ ಹೇಳಿದ್ದರು. ಚೊಂಬು ಓರೆಯಾಯಿತು. ಅವರ ರೆಪ್ಪೆ ಹುಚ್ಚು ಹಿಡಿದಂತೆ ಹೊಡೆದುಕೊಳ್ಳುತ್ತಿತ್ತು.

ಬಾಯಮ್ಮ ಚೊಂಬನ್ನು ನೆಲದ ಮೇಲಿಟ್ಟರು. ದೂರಕ್ಕೆ ತಳ್ಳಿದರು. ಮಗುವಿನ ಬೆನ್ನ ಮೇಲೆ ಅಂಗೈ ಇಟ್ಟು “ದೇವಾ, ದೇವಾ” ಎಂದು ಬಾಯೊಳಗೇ ಹೇಳುತ್ತ ಕುಳಿತರು. ಎಷ್ಟು ಹೊತ್ತೋ ತಿಳಿಯದು. ಒಮ್ಮೆಲೇ ಸೆಳೆತ ನಿಂತು ಮಗು ಅತ್ತಿತು.

ಜ್ವರದ ಫಿಟ್ಸ್, ಈ ವಯಸ್ಸಿಗೆ ಬರುವುದುಂಟು, ಅಪಾಯವಿಲ್ಲ ಎಂದರು ಡಾಕ್ಟರು. ಆಸ್ಪತ್ರೆಯ ಕಾರಿಡಾರಿನಲ್ಲಿ ಬಾಯಮ್ಮ ನನ್ನ ಪಕ್ಕ ಕುಳಿತಿದ್ದರು.

“ಈಗ ಹೆದರಿಕೆ ಆಗ್ತಾ ಉಂಟು ನೋಡು,” ಎಂದರು. “ಮಗು ಹೋಗಿದ್ರೆ ನಾನು ದೇವರಿಗೆ ಎಂತ ಹೇಳ್ಲಿಕ್ಕಿತ್ತು? ಆದ್ರೆ ನೀರು ಬೇಕಾಗಿದ್ದದ್ದು ಅವಳಿಗಲ್ಲ ಮಾರಾಯ್ತಿ. ನನ್ನ ಹೆದರಿಕೆಗೆ.”

ಆ ಸಂಜೆ ಅವರು ಮಗ ಸೊಸೆಯ ಮುಂದೆ ಚೊಂಬಿನ ವಿಷಯ ಸಮೇತ ಎಲ್ಲ ಹೇಳಿಬಿಟ್ಟರು. ಹೇಳದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಮಗ ಸಿಟ್ಟಾಗಿ, ಉಳಿದ ದಿನಗಳಲ್ಲಿ ಮಗುವನ್ನು ಅವರೊಬ್ಬರ ಬಳಿ ಬಿಡಲಿಲ್ಲ. ಆದರೆ ಹೊರಡುವ ದಿನ ಸೊಸೆ ಸೂಟ್‌ಕೇಸ್ ತುಂಬಿಸಬೇಕೆಂದು ಹೇಳಿ ಮಗುವನ್ನು ಅವರ ಮಡಿಲಿಗಿಟ್ಟು, ಗಂಡನನ್ನೂ ಕರೆದುಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳಂತೆ. ಇದನ್ನು ಹೇಳುವಾಗ ಮಾತ್ರ ಬಾಯಮ್ಮ ಅತ್ತರು.

ಕಳೆದ ವರ್ಷ ಹೆದರುವ ಸರದಿ ನನ್ನದಾಯಿತು. ಷಿಕಾಗೋದಲ್ಲಿ ಓದುತ್ತಿರುವ ನನ್ನ ಮಗಳು, ತಾನು ಚರ್ಚಿಗೆ ಹೋಗುತ್ತಿದ್ದೇನೆ, ಬರುವ ಈಸ್ಟರ್‌ಗೆ ದೀಕ್ಷಾಸ್ನಾನ ತೆಗೆದುಕೊಳ್ಳುತ್ತೇನೆ ಎಂದು ತಿಳಿಸಿದಳು. ಅವಳು ಯಾರ ಕೈಗೆ ಸಿಕ್ಕಿದಳೋ, ನಾಳೆ ನಮ್ಮನ್ನು ಅಪ್ಪ ಅಮ್ಮ ಎನ್ನುವಳೋ ಇಲ್ಲವೋ, ನಾವು ಸತ್ತರೆ ಕ್ರಿಯೆಗಾದರೂ ಬರುವಳೋ ಎಂದು ಮನಸ್ಸು ಎಲ್ಲೆಲ್ಲೋ ಹೋಯಿತು. ಎದುರಿನ ಬಾಗಿಲು ಬಡಿದೆ. ಅವರ ಧರ್ಮಕ್ಕೇ ಸೇರುತ್ತಾಳಲ್ಲ, ಒಳಗೊಳಗೇ ಖುಷಿಪಟ್ಟಾರು ಎಂಬ ಕಹಿಯೂ ನನ್ನಲ್ಲಿತ್ತು.

ಬಾಯಮ್ಮ ಖುಷಿಪಡಲಿಲ್ಲ. ನನ್ನ ನಾಡಿ ಹಿಡಿದು ಕುಳಿತರು. ಅವರ ಕಣ್ಣು ಅದುರುತ್ತಿತ್ತು.

“ಇವತ್ತು ಫೋನ್ ಮಾಡ್ಬೇಡ,” ಎಂದರು. “ಹೆದರಿಕೆಯಲ್ಲಿ ಮಾಡಿದ ಫೋನು ನನಗೆ ಎಷ್ಟು ನಷ್ಟ ಮಾಡ್ತು, ನೀನೇ ನೋಡಿದ್ದೀಯಲ್ಲ. ನಾಳೆ ಮಾಡು. ಊಟ ಆಯ್ತಾ ಕೇಳು. ಅದು ಬಿಟ್ಟು ಬೇರೆ ಎಂತದೂ ಕೇಳ್ಬೇಡ.”

ಮರುದಿನ ಹಾಗೇ ಮಾಡಿದೆ. ಬೈಗುಳಕ್ಕೆ ಸಿದ್ಧಳಾಗಿದ್ದ ಮಗಳು ಬಿಕ್ಕಿ ಬಿಕ್ಕಿ ಅತ್ತಳು. ಅವಳೂ ಹೆದರಿದ್ದಳೆಂದು ನನಗೆ ತಿಳಿದದ್ದು ಆಗಲೇ.

ಆಮೇಲೆ ಬಾಯಮ್ಮ ಬಿಡುವಾದಾಗಲೆಲ್ಲ ದೀಕ್ಷಾಸ್ನಾನದ ದಿನ ಚರ್ಚಿನಲ್ಲಿ ಏನೇನು ನಡೆಯುತ್ತದೆ ಎಂದು ನನಗೆ ವಿವರಿಸಿದರು. ಯಾವಾಗ ಏಳುತ್ತಾರೆ, ಯಾವಾಗ ಕೂರುತ್ತಾರೆ, ನೀರು ಹೊಯ್ಯುವಾಗ ಮಗಳು ಹೇಗೆ ಬಗ್ಗುತ್ತಾಳೆ. ಗೊತ್ತಿಲ್ಲದ್ದು ಕಂಡರೆ ಹೆದರಿಕೆ ಜಾಸ್ತಿ ಎನ್ನುತ್ತಿದ್ದರು. ಅಲ್ಲಿಗೆ ಹೋದಾಗ ಹಿಂದೆ ಅಡಗಿ ಕೂರಬೇಡ, ಮುಂದಿನ ಸಾಲಿನಲ್ಲೇ ಕೂರು, ಅವಳು ತಲೆ ಎತ್ತಿದಾಗ ನಿನ್ನ ಮುಖ ಕಾಣಬೇಕು ಎಂದರು.

ಕ್ರಿಸ್ಮಸ್ ಕಳೆದು ಕೆಲವೇ ದಿನಗಳಲ್ಲಿ, ಕ್ಲಿನಿಕ್ಕಿಗೆ ಹೊರಟ ಬಾಯಮ್ಮ ಲಿಫ್ಟಿನ ಮುಂದೆ ಕುಸಿದರು. ಹೃದಯಾಘಾತ. ಮಗ ಬಂದು ದೇಹವನ್ನು ಊರಿಗೆ ಒಯ್ದ. ಎದುರಿನ ಫ್ಲ್ಯಾಟಿಗೆ ಈಗ ಬೇರೆಯವರು ಬಂದಿದ್ದಾರೆ.

ಈಸ್ಟರ್ ಹತ್ತಿರವಾಗುತ್ತಿದೆ. ನನ್ನ ವೀಸಾ ಬಂದಿದೆ. ಗಂಡ ಬರುವುದಿಲ್ಲ ಎಂದಿದ್ದಾರೆ. ಹೆದರಿಕೆ ಹೋಗಿಲ್ಲ, ಬೆಳಿಗ್ಗೆ ಎದ್ದೊಡನೆ ಎದೆಯ ಮೇಲೆ ಕೂತಿರುತ್ತದೆ. ಆದರೂ ಮುಂದಿನ ಸಾಲಿನಲ್ಲಿ ನನಗೊಂದು ಜಾಗ ಇಡು ಎಂದು ಮಗಳಿಗೆ ಹೇಳಿದ್ದೇನೆ.