ಕ್ವಾರಿಯ ದಂಡೆಯಲ್ಲಿ ಕೇಳಿದ ಎಣಿಕೆ

ಕಣ್ಣಿಗೆ ಕಾಣದ್ದನ್ನು ನಾನು ನಂಬಿದವಳಲ್ಲ. ಯಾರಾದರೂ ದೆವ್ವದ ಮಾತೆತ್ತಿದರೆ, ಅವರಿಗೆ ನಿದ್ದೆ ಸಾಲದಾಗಿರಬೇಕೆಂದು ನಗುತ್ತಿದ್ದೆ. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದ ಜಂಬವೂ ಇತ್ತು. ಈಗ ಬರೆಯುವುದನ್ನು ನೀವು ನಂಬಲೇಬೇಕೆಂದು ಕೇಳುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ಅಷ್ಟೆ.

ಕೆಲವು ವರ್ಷಗಳ ಹಿಂದೆ ನಮ್ಮ ನಗರದ ಅಂಚಿನ ಕುಷಾಯಿಗೂಡದ ಒಂದು ಈಜುಕೊಳದಲ್ಲಿ ಜೀವರಕ್ಷಕರ ತರಬೇತಿಗೆ ಸೇರಿದ್ದೆ. ನೀರಿಗೆ ಹಾರುವುದು ಕಟ್ಟಕಡೆಯ ದಾರಿ, ಮೊದಲು ಕೈಗೆ ಸಿಕ್ಕಿದ್ದನ್ನು ಚಾಚು, ಇಲ್ಲವೆ ತೇಲುವಂಥದ್ದನ್ನು ಎಸೆ ಎಂದು ಕಲಿಸಿದ್ದರು. ಮುಳುಗಿ ಉಸಿರು ನಿಂತವರಿಗೆ ಮೊದಲು ಬಾಯಿಂದ ಉಸಿರು ಕೊಡಬೇಕು. ಆಮೇಲೆ ಮೂವತ್ತು ಸಲ ಎದೆ ಒತ್ತುವುದು, ಎರಡು ಉಸಿರು ಊದುವುದು, ಮತ್ತೆ ಮೂವತ್ತು. ರಬ್ಬರ್ ಗೊಂಬೆಯ ಮೇಲೆ ನಾನು ಒಂದು ದಿನವೂ ಎಣಿಕೆ ತಪ್ಪಿದವಳಲ್ಲ.

ಒಂದು ಭಾನುವಾರ ತರಗತಿ ಮುಗಿಸಿ, ನಾಲ್ಕರ ಹೊತ್ತಿಗೆ ಹಳೆಯ ಕಲ್ಲು ಕ್ವಾರಿಯ ಪಕ್ಕದಲ್ಲಿ ಸ್ಕೂಟರಿನಲ್ಲಿ ಬರುತ್ತಿದ್ದೆ. ಮಳೆನೀರು ತುಂಬಿದ ಆ ಗುಂಡಿಯಲ್ಲಿ, ಹತ್ತಿರದ ಕಟ್ಟಡದ ಕೆಲಸಕ್ಕೆ ಬಂದ ಯಾದಗಿರಿ ಕಡೆಯ ಜನ ರಜೆಯ ದಿನ ಬಟ್ಟೆ ಒಗೆಯುತ್ತಿದ್ದರು. ಚೀರಾಟ ಕೇಳಿ ಓಡಿದೆ. ತೇಲಿಹೋದ ಬಕೆಟ್ ಹಿಡಿಯಲು ಹೋಗಿ ನಾಗಪ್ಪ ಎಂಬ ಗೌಂಡಿ ಜಾರಿಬಿದ್ದಿದ್ದ. ಹಾರಲು ಹೊರಟ ಅವನ ಹೆಂಡತಿ ಶಿವಮ್ಮನನ್ನು ಇಬ್ಬರು ಹೆಂಗಸರು ತಬ್ಬಿ ಹಿಡಿದಿದ್ದರು. ಬಂಡೆಯ ಮೇಲೆ ಒಣಹಾಕಿದ್ದ ಸೀರೆಗೆ ಖಾಲಿ ಎಣ್ಣೆ ಡಬ್ಬಿ ಕಟ್ಟಿ ಎಸೆದೆ. ಅವನ ಕೈಗೆ ಒಂದು ಮೊಳ ದೂರದಲ್ಲಿ ಬಿತ್ತು. ಎಳೆದುಕೊಂಡು ಮತ್ತೆ ಎಸೆಯುವಷ್ಟರಲ್ಲಿ ಕೈ ಕಾಣಲಿಲ್ಲ.

ಅವರ ಮೇಸ್ತ್ರಿ ಭೀಮಣ್ಣ, ಶಿವಮ್ಮನ ಸೋದರಮಾವ, ಅದೇ ಸೀರೆಯನ್ನು ಸೊಂಟಕ್ಕೆ ಕಟ್ಟಿಕೊಂಡು ಇಳಿದ. ಅವನು ಮುಳುಗಿ ನಾಗಪ್ಪನನ್ನು ಹಿಡಿದೊಡನೆ ದಂಡೆಯಲ್ಲಿದ್ದ ನಾವೆಲ್ಲ ಎಳೆದೆವು. ಮೇಲೆ ತಂದಾಗ ನಾಗಪ್ಪನಿಗೆ ಉಸಿರಿರಲಿಲ್ಲ, ತುಟಿ ನೀಲಿಯಾಗಿತ್ತು. ಒಬ್ಬ ಆಂಬುಲೆನ್ಸಿಗೆ ಫೋನ್ ಹಚ್ಚಿದ. ಇನ್ನೊಬ್ಬ ಕೊಡ ತಂದು ಬೋರಲು ಹಾಕಿದ.

"ಕೊಡದ ಮ್ಯಾಲ ಹೊಟ್ಟಿ ಮಾಡಿ ಮಲಗಸ್ರಿ, ನೀರು ಹೊರಗ ಬರ್ತೈತಿ," ಎಂದ ಭೀಮಣ್ಣ ಏದುಸಿರು ಬಿಡುತ್ತಾ.

"ಬ್ಯಾಡ್ರಿ! ಅದರಾಗ ಹೊತ್ತು ಹೋಗ್ತೈತಿ," ಎಂದು ನಾನು ಅಡ್ಡ ಕೂತೆ.

"ನಮ್ಮೂರಾಗ ಕೆರಿಗೆ ಬಿದ್ದೋರ್ನ ಹಿಂಗಽ ಉಳಿಸ್ಯಾರ್ರಿ. ನೀವೇನ್ ಡಾಕ್ಟರಾ?"

ಶಿವಮ್ಮ ಕೊಡವನ್ನು ಒದ್ದಳು. "ಮಾವಾ, ಸುಮ್ಕಿರು! ಅಕ್ಕಾರ, ನೀವು ಮಾಡ್ರಿ. ಏನರ ಮಾಡ್ರಿ!"

ಉಸಿರು ಊದಿದೆ, ಒತ್ತತೊಡಗಿದೆ. ಕಲಿತಂತೆ ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಎಣಿಸುತ್ತಿದ್ದೆ. ಮೂರನೇ ಸುತ್ತಿನಲ್ಲಿ ಅಂಗೈಯಡಿ ಪಕ್ಕೆಲುಬು ಲಟಕ್ಕೆಂದಿತು. ಗೊಂಬೆ ಹಾಗೆ ಸದ್ದು ಮಾಡುವುದಿಲ್ಲ. ಕೊಂದೇಬಿಟ್ಟೆ ಎಂದುಕೊಂಡೆ. ಎಣಿಕೆ ಹದಿನಾಲ್ಕೋ ಇಪ್ಪತ್ತೋ ತಿಳಿಯಲಿಲ್ಲ. ಕೈ ನಿಂತುಹೋದವು.

ಆಗ ನನ್ನ ಎಡಭುಜದ ಹಿಂದೆ ಮುದುಕಿಯೊಬ್ಬಳ ದನಿ ಎಣಿಸತೊಡಗಿತು. "ಲಾಭ, ಎರಡು, ಮೂರು, ನಾಕು..." ಚುರುಕಾಗಿತ್ತು, ಗಾಬರಿಯಿರಲಿಲ್ಲ. ನನ್ನ ಕೈ ಆ ದನಿಯನ್ನು ಹಿಡಿದು ಒತ್ತಿದವು. ಮೂವತ್ತಕ್ಕೆ ಅದು ನಿಂತಿತು. ನಾನು ಎರಡು ಉಸಿರು ಊದಿದೊಡನೆ ಮತ್ತೆ "ಲಾಭ". ತೋಳು ಸೋತು, ಇನ್ನಾಗದು ಎಂದು ಅಳುತ್ತಲೇ ಒತ್ತುತ್ತಿದ್ದೆ. ಎಷ್ಟನೆಯದೋ ಸುತ್ತಿನಲ್ಲಿ, ಹತ್ತೊಂಬತ್ತು ಎಂದು ದನಿ ತಟ್ಟನೆ ನಿಂತಿತು. ನಾನೂ ನಿಂತೆ. ಮರುಕ್ಷಣ ನಾಗಪ್ಪ ಕೆಮ್ಮಿ ನೀರು ಕಾರಿದ.

ಆಂಬುಲೆನ್ಸ್ ಬರುವವರೆಗೂ ಅವನನ್ನು ಪಕ್ಕಕ್ಕೆ ಹೊರಳಿಸಿ ಹಿಡಿದುಕೊಂಡಿದ್ದೆ. ಅವನೂ ಶಿವಮ್ಮನೂ ಹೋದ ಮೇಲೆ ಭೀಮಣ್ಣನನ್ನು ಕೇಳಿದೆ, "ಎಣಸಿದ ಅಮ್ಮ ಎಲ್ಲಿ ಹೋದ್ರು?"

"ಯಾವ ಅಮ್ಮರಿ? ನಮ್ಮ ಟೋಳಿಯೊಳಗ ಮುದುಕೇರಽ ಇಲ್ಲ. ಬುಟ್ಟಿ ಹೊರಾಕ ಮುದುಕೇರ್ನ ಯಾರು ಕರ್ಕೊಂಡು ಬರ್ತಾರ? ಎಣಸಾಕತ್ತಿದ್ದೋರು ನೀವಽ. ಕಡೀತನಕಾ ಇಂಗ್ಲಿಷ್‌ನ್ಯಾಗ ಒದರಾಕತ್ತಿದ್ರಿ."

"ಒಂದು ಅನ್ನೋ ಬದಲಿ ಲಾಭ ಅಂತಿದ್ರು."

ಅವನು ನನ್ನನ್ನೇ ದಿಟ್ಟಿಸಿದ. "ನಿಮ್ಮನ್ಯಾಗ ಹೊಲಾ ಐತೇನ್ರಿ? ರಾಶಿ ಅಳಿವಾಗ ಮೊದಲ್ನೇ ಸೇರಿಗೆ ಒಂದು ಅನ್ನಂಗಿಲ್ಲ. ಲಾಭ ಅಂತೀವಿ."

ನಮಗೆ ಹೊಲವಿಲ್ಲ. ಅಜ್ಜ ಬೀದರಿನಿಂದ ಬಂದು ಈ ನಗರದ ನಾಂಪಲ್ಲಿಯ ಕಚೇರಿಯೊಂದರಲ್ಲಿ ಗುಮಾಸ್ತರಾದವರು. ನಾನು ಹುಟ್ಟಿ ಬೆಳೆದದ್ದು ಇಲ್ಲೇ. ಧಾನ್ಯ ಅಳೆಯುವುದನ್ನು ಕಂಡವಳೇ ಅಲ್ಲ. ನನ್ನ ಎಳವೆಯಲ್ಲಿ ಮನೆಯಲ್ಲಿ ಯಾರಾದರೂ ಹಾಗೆ ಎಣಿಸುತ್ತಿದ್ದರೇ ಎಂದು ಅಮ್ಮನನ್ನು ಕೇಳಿದೆ. "ನನಗಽ ಇವತ್ತು ನಿನ್ನಿಂದ ಗೊತ್ತಾತು," ಎಂದಳು. ಗಾಬರಿಗೆ ಮನಸ್ಸು ಏನೋ ಕಲ್ಪಿಸಿಕೊಂಡಿತು ಎನ್ನೋಣವೆಂದರೆ, ತನಗೆ ಗೊತ್ತೇ ಇಲ್ಲದ ಎಣಿಕೆಯನ್ನು ಅದು ಎಲ್ಲಿಂದ ತಂದಿತು?

ನಾಗಪ್ಪ ಬದುಕಿದ. ಪಕ್ಕೆಲುಬು ಕೂಡಿಕೊಂಡ ಮೇಲೆ ಮತ್ತೆ ಕೆಲಸಕ್ಕೂ ಹೋದ. ನಾನು ಮಾತ್ರ ಆ ದಂಡೆಯಲ್ಲೇ ಉಳಿದಿದ್ದೇನೆ, ಕೈ ನಿಂತುಹೋದ ಆ ಗಳಿಗೆಯಲ್ಲಿ. ಇಂದಿಗೂ ಅಭ್ಯಾಸಕ್ಕೆಂದು ಗೊಂಬೆಯ ಮುಂದೆ ಮಂಡಿಯೂರಿ ಎದೆಯ ಮೇಲೆ ಅಂಗೈ ಇಟ್ಟರೆ, ಬಾಯಿಂದ ಮೊದಲ ಎಣಿಕೆ ಹೊರಡುವುದಿಲ್ಲ. ಎಡಭುಜದ ಹಿಂದಿನಿಂದ ಬರಲಿ ಎಂದು ಕಾಯುತ್ತೇನೆ. ಬರುವುದಿಲ್ಲ. ಹೊತ್ತು ಹೋಗುತ್ತಿದೆ, ಒತ್ತಿ ಎಂದು ತರಬೇತುದಾರರು ಗದರುತ್ತಾರೆ.