ಶಿವಾನಂದನ ಗಡ್ಡದ ಓತಿಕ್ಯಾತಗಳು

ಓತಿಕ್ಯಾತದ ಮರಿಯ ಕತ್ತು ಓರೆಯಾಗಿತ್ತು. ಅಷ್ಟೇ. ಆದರೆ ಬೆಳಗಿನಿಂದ ದೀಪಾಳ ಕಣ್ಣಮುಂದೆ ಅದೇ. ಮೂರು ವರ್ಷದ ಮಗಳಿಗೆ ತುತ್ತು ಕೊಡುವಾಗಲೂ ಮಗುವಿನ ಕತ್ತು ನೆಟ್ಟಗಿದೆಯೇ ಎಂದು ನೋಡಿದಳು. ಇದು ಮನುಷ್ಯರಿಗೆ ತಗಲುವ ಜಡ್ಡಲ್ಲ ಎಂದು ಬೆಳಗಾವಿಯ ಪಶುವೈದ್ಯರು ಫೋನಿನಲ್ಲಿ ಎರಡು ಸಲ ಹೇಳಿದ್ದರು. ಮೂರನೆಯ ಸಲ ಕೇಳಲು ಅವಳಿಗೇ ನಾಚಿಕೆ.

ಮರಿ ಅವಳ ಭಾವ, ಗಂಡನ ಅಣ್ಣ ಶಿವಾನಂದನದು. ನಾಗನೂರಿನ ಕುರಿಗಾರರ ಮನೆಯಲ್ಲಿ ಹುಟ್ಟಿದ ಶಿವಾನಂದನಿಗೆ ಕುರಿ ಕಾಯುವುದು ಮರ್ಯಾದೆಗೆ ಕಡಿಮೆ. ಮೊದಲು ಮೊಲ ಸಾಕಿದ, ಆಮೇಲೆ ಬಣ್ಣದ ಮೀನು. ಎರಡರ ಕತೆಯೂ ಬೇಗ ಮುಗಿಯಿತು. ಈಗ ಎರಡು ವರ್ಷದಿಂದ ಹಳೆಯ ಕೋಳಿ ಶೆಡ್ಡಿನಲ್ಲಿ ಬಿಯರ್ಡೆಡ್ ಡ್ರ್ಯಾಗನ್, ಅಂದರೆ ಗಂಟಲ ಕೆಳಗೆ ಮುಳ್ಳಿನ ಗಡ್ಡವಿರುವ ಪರದೇಶದ ಓತಿಕ್ಯಾತ. ಗಾಜಿನ ಪೆಟ್ಟಿಗೆ, ಬಿಸಿ ಬಲ್ಬು, ಬಾಗಿಲಿಗೆ 'ಬ್ರೀಡರ್' ಎಂಬ ಬೋರ್ಡು. ಊರವರು 'ಓತಿಕ್ಯಾತದ ಶಿವ್ಯಾ' ಎಂದರೆ ಕೇಳಿಸದವನಂತೆ ಕೂಲಿಂಗ್ ಗ್ಲಾಸ್ ಏರಿಸುತ್ತಿದ್ದ. ತಾನೊಬ್ಬ ವಿಜ್ಞಾನಿ ಎಂದೇ ಅವನ ನಂಬಿಕೆ. ವಿದ್ಯೆಯೆಲ್ಲ ಮೊಬೈಲಿನ ವಿಡಿಯೋಗಳದ್ದು.

ದೀಪಾವಳಿಯ ಹೊತ್ತಿಗೆ ಎಲ್ಲಿಂದಲೋ ಅಗ್ಗಕ್ಕೆ ತಂದ ಗಂಡೊಂದನ್ನು ಬಂದ ದಿನವೇ ಹೆಣ್ಣುಗಳ ಜೊತೆ ಬಿಟ್ಟ. ಆಮೇಲೆ ಹುಟ್ಟಿದ ಮರಿಗಳು ನಡುಗಿದವು, ಅಂಗಾತ ಬಿದ್ದವು, ಸತ್ತವು. ದೀಪಾಳ ಕಾಟ ತಡೆಯದೆ ಹಿಕ್ಕೆಯನ್ನು ಪರೀಕ್ಷೆಗೆ ಕಳಿಸಿದ. ಮೊನ್ನೆ ಉತ್ತರ ಬಂತು: ಅಡಿನೊವೈರಸ್. ಮದ್ದಿಲ್ಲ, ನೋಡಲು ಗಟ್ಟಿಮುಟ್ಟಾದವೂ ರೋಗ ಹೊತ್ತು ಹಂಚುತ್ತವೆ ಎಂದರು ವೈದ್ಯರು. ಶಿವಾನಂದ ಆ ಕಾಗದವನ್ನು ನಾಲ್ಕು ಮಡಿಕೆ ಮಡಿಸಿ, ಅಲುಗಾಡುತ್ತಿದ್ದ ಬಲ್ಬಿನ ಸ್ಟ್ಯಾಂಡಿನ ಕೆಳಗೆ ಒತ್ತು ಕೊಟ್ಟ.

ಇವತ್ತು ಮಧ್ಯಾಹ್ನ ಪೆನ್ನು ಹಿಡಿದು ಬಂದ.

"ದೀಪಾ, ನಿನ್ನ ಅಕ್ಷರ ಮುತ್ತಿನಂಗ ಅದಾವು. ಯಾವತ್ತಿನಂಗ 'ರೋಗವಿಲ್ಲ' ಅಂತ ಒಂದು ಕಾರ್ಡ್ ಬರಿ. ಕಣಗಲಾದ ದಾನೇಶ್ವರಿಗಿ. ಅರಬಿ ಹೊಲಿತಾಳಂತ. ಮನ್ಯಾಗ ನಾಕು ಸಾಕ್ಯಾಳ, ಅವಕ್ಕ ಜೋಡಿ ಬೇಕಂತ. ಸಂಜಿ ಬಸ್ಸಿಗಿ ಪೆಟ್ಟಿಗಿ ಕಳಸ್ತೇನಿ."

"ಅಕಿವು ನಾಕೂ ಸಾಯ್ತಾವಲ್ರಿ, ಭಾವಾ."

"ಸತ್ರ ಅಕಿಗಿ ಸಾಕಾಕ ಬರಂಗಿಲ್ಲ ಅಂತ ಅರ್ಥ. ನನ್ನ ಜವಾಬ್ದಾರಿ ಬಸ್ ಸ್ಟ್ಯಾಂಡ್ ತನಕ."

ಪರೀಕ್ಷೆಗೆ ಮೊದಲು ಅಂಥ ಒಂಬತ್ತು ಕಾರ್ಡುಗಳನ್ನು ದೀಪಾ ನಂಬಿ ಬರೆದಿದ್ದಳು. ಈಗ 'ರೋಗ' ಎಂದು ಬರೆದು ಕೈ ನಿಂತಿತು.

ಅಷ್ಟರಲ್ಲಿ ಶಿವಾನಂದ ಕಿಟಕಿಯಿಂದ ಹೊರಗೆ ನೋಡಿ, ಹಾವು ಕಂಡವನಂತೆ ಓಡಿದ.

"ಯವ್ವಾ! ಮಮದಾಪುರದಿಂದ ತಂದ ಕುರಿ ಹಿಂಡಿನ್ಯಾಗ ಬಿಟ್ಟಿ ಏನ? ಮೂರು ವಾರ ಬ್ಯಾರೆ ಕಟ್ಟಬೇಕಂತ ತಿಳಿಯಂಗಿಲ್ಲೇನ ನಿನಗ? ಇದ್ದದ್ದೆಲ್ಲಾ ಜಡ್ಡು ಬಿದ್ದು ಸತ್ರ?"

ತಾಯಿ ರಾಮವ್ವ ಹಗ್ಗ ಬಿಗಿಯುತ್ತಲೇ ಅಂದಳು, "ಕಣ್ಣಿಗಿ ಹಾಕ್ಕೊಂಡಿದ್ದು ತಗದು ನೋಡ, ಬಾಡ್ಯಾ. ಬೇವಿನ ಗಿಡಕ್ಕ ಕಟ್ಟಾಕತ್ತೇನಿ. ಈ ಮಾತು ನಿನಗ ಕಲಿಸಿದಾಕಿ ನಾನ. ಜಡ್ಡಿನ ಕುರಿ ಮುಚ್ಚಿಟ್ಟು ಮಾರಿದವನ ಹಟ್ಟ್ಯಾಗ ನಮ್ಮ ಮಂದಿ ನೀರು ಸೈತ ಕುಡ್ಯಂಗಿಲ್ಲ."

"ಹಂಗಂದ್ರ ಛಲೋ ಆತು ಬಿಡ," ಎಂದು ಅವನು ಕುರಿಯ ಮೂಗು, ಬಾಯಿ ಪರೀಕ್ಷಿಸಿದ. ಆಮೇಲೆ ಹಿಂಡಿನ ಕಡೆ ಹೋಗುವ ಮೊದಲು ಮೊಣಕೈ ತನಕ ಸಾಬೂನು ಹಚ್ಚಿ ತೊಳೆದುಕೊಂಡ.

ದೀಪಾ ನೋಡುತ್ತ ನಿಂತಳು. ಶೆಡ್ಡಿನಲ್ಲಿ ಇದೇ ಮನುಷ್ಯ ಸತ್ತ ಮರಿ ಎತ್ತಿದ ಚಿಮಟದಿಂದಲೇ ಬಾಜೂ ಪೆಟ್ಟಿಗೆಗೆ ಹುಳ ಹಾಕುತ್ತಿದ್ದ. ಇಷ್ಟು ದಿನ ಅವಳು ಅವನನ್ನು ದಡ್ಡ ಎಂದುಕೊಂಡಿದ್ದಳು. ದಡ್ಡನ ಮೇಲೆ ಮರುಕವಾದರೂ ಹುಟ್ಟುತ್ತದೆ. ಇವನಿಗೆ ಎಲ್ಲ ಗೊತ್ತಿತ್ತು. ಕುರಿ ಸತ್ತರೆ ತನ್ನ ಹಟ್ಟಿಯಲ್ಲಿ ಸಾಯುತ್ತದೆ, ಓತಿಕ್ಯಾತ ಸತ್ತರೆ ಕಣಗಲಾದಲ್ಲಿ. ಅಷ್ಟೇ ಅವನ ವಿಜ್ಞಾನ.

ಬಸ್ಸಿಗೆ ಹೋಗಬೇಕಿದ್ದ ಪೆಟ್ಟಿಗೆಯ ಮೇಲೆ ದಾನೇಶ್ವರಿಯ ನಂಬರಿತ್ತು. ಮಗಳನ್ನು ಸೊಂಟಕ್ಕೇರಿಸಿ ದೀಪಾ ಹಿತ್ತಲಿಗೆ ಹೋದಳು. ಗಂಡ ಏನಂದಾನು, ಭಾವ ಮನೆಯಲ್ಲಿ ಎಷ್ಟು ರಂಪ ಮಾಡಿಯಾನು ಎಂಬ ದಿಗಿಲಿಗೆ ಎರಡು ಸಲ ತಪ್ಪು ನಂಬರು ಒತ್ತಿದಳು. ಮೂರನೆಯ ಸಲ ಅತ್ತ ಹೊಲಿಗೆ ಯಂತ್ರದ ಸದ್ದು ಕೇಳಿಸಿ, ನಿಂತಿತು.

"ದಾನೇಶ್ವರಿ ಅಕ್ಕಾರ ಏನ್ರಿ? ನಾ ನಾಗನೂರಿಂದ ದೀಪಾ. ಶಿವಾನಂದ ಅವರ ಕಾರ್ಡ್ ಬರಿಯಾಕಿ ನಾನ ರಿ. ಇವತ್ತಿನ ಪೆಟ್ಟಿಗಿ ಮನಿಯೊಳಗ ತಗೋಬ್ಯಾಡ್ರಿ."