ಗುರುನಾಥನ ಹಾರಾಟದ ಪುಸ್ತಕದೊಂದಿಗೆ ಕಮಲಾಪುರಕ್ಕೆ

ಹೊಟಗಿಯಲ್ಲಿ ಗಾಡಿ ಬದಲಾಯಿಸಿ ಕಲಬುರ್ಗಿ ಸ್ಟೇಶನ್ನಿನಲ್ಲಿ ಇಳಿದಾಗ ಬೆಳಗಿನ ಎಂಟು ಗಂಟೆ. ಧಾರವಾಡ ಬಿಟ್ಟು ಒಂದು ಹಗಲು, ಒಂದು ರಾತ್ರಿ ಕಳೆದಿತ್ತು. ನಿಜಾಮ ಸರಕಾರದ ಸುಂಕದವರು ನನ್ನ ಟ್ರಂಕು ತೆರೆಸಿದರು. ಎರಡು ಅಂಗಿ, ಪೇಢೆಯ ಪೊಟ್ಟಣ, ಗಟ್ಟಿ ರಟ್ಟಿನ ಒಂದು ದಪ್ಪ ಪುಸ್ತಕ.

“ಯೇ ಕ್ಯಾ ಹೈ?” ಎಂದ ಜವಾನ.

“ಹವಾಯಿ ಜಹಾಜ್ ಹಾರಸಾಂವಂದು ರೀ. ಅಂವ ಈಗಿಲ್ಲ. ಅವರ ಮನಿಗೆ ಒಯ್ಯಾಕತ್ತೀನಿ” ಎಂದೆ. ಅವನು ಪುಸ್ತಕವನ್ನು ಎರಡೂ ಕೈಯಿಂದ ಹಿಂದಿರುಗಿಸಿದ.

ಅದು ಗುರುನಾಥನ ಪುಸ್ತಕ. ಕಮಲಾಪುರದ ಬಾಳೆತೋಟದವರ ಮಗ. ಯುದ್ಧ ಶುರುವಾದ ಮೇಲೆ ವಾಯುದಳ ಸೇರಿ ಪೈಲಟ್ ಆದವನು. ನಾನು ಅವನ ವಿಮಾನದ ಫಿಟ್ಟರ್. ಇಡೀ ತುಕಡಿಯಲ್ಲಿ ಕನ್ನಡ ಮಾತಾಡುವವರು ನಾವಿಬ್ಬರೇ ಆದ್ದರಿಂದ ಹುದ್ದೆಯ ಅಂತರ ಮರೆತು ಗೆಳೆಯರಾಗಿದ್ದೆವು. ಹೋದ ಮಳೆಗಾಲದಲ್ಲಿ ವಿಷಮಜ್ವರ ಅವನನ್ನು ಒಯ್ದಿತು. ಆಗ ಅವನಿಗೆ ಇಪ್ಪತ್ನಾಲ್ಕು. ಪೈಲಟ್ಟುಗಳು ತಮ್ಮ ಪ್ರತಿ ಹಾರಾಟವನ್ನೂ ಬರೆದಿಡುವ ಪುಸ್ತಕವಿದು. ರಜೆ ಸಿಕ್ಕ ಕೂಡಲೇ ಅದನ್ನು ಮನೆಗೆ ಮುಟ್ಟಿಸುವ ಕೆಲಸವನ್ನು ನಾನೇ ಕೇಳಿ ಪಡೆದಿದ್ದೆ.

ಮೋಮಿನಪುರ ಓಣಿಯ ಹೋಟೆಲೊಂದರಲ್ಲಿ ಚಹಾ ಕುಡಿಯುತ್ತ ಕಮಲಾಪುರದ ಬಸ್ಸು ವಿಚಾರಿಸಿದೆ. “ಅಬ್ಬೀಚ್ ಗಯಾ ಸಾಬ್. ಮುಂದಿನ್ದು ಹನ್ನೊಂದಕ್ಕದ. ಕೂಡ್ರಿ, ಇನ್ನೊಂದ್ ಕಪ್ ಕುಡೀರಿ” ಎಂದ ಮಾಲೀಕ. ಹನ್ನೊಂದರ ಬಸ್ಸು ಹೊರಟಿದ್ದು ಹನ್ನೆರಡಕ್ಕೆ. ಕಪನೂರ ದಾಟಿದ ಮೇಲೆ ಎರಡೂ ಕಡೆ ತೆನೆ ಬಲಿತ ಜೋಳ. ಇಪ್ಪತ್ತು ಮೈಲಿಗೂ ಹೆಚ್ಚಿನ ದಾರಿಯಲ್ಲಿ ಬಸ್ಸು ಏಳೆಂಟು ಕಡೆ ನಿಂತಿತು. ಕರಿ ಮಣ್ಣು ಮುಗಿದು ಕೆಂಪು ಮಣ್ಣು ಬಂದಾಗ ಬಾಳೆತೋಟಗಳು ಕಂಡವು. ಗೊನೆಗಳೂ ಕೆಂಪು. ಗುರುನಾಥ ಈ ಹಣ್ಣಿನ ಬಗ್ಗೆ ಹೇಳಿದಾಗಲೆಲ್ಲ ಬಡಾಯಿ ಎಂದುಕೊಂಡಿದ್ದೆ.

ಮನೆ ಹುಡುಕುವುದು ಕಷ್ಟವಾಗಲಿಲ್ಲ. ತಾಯಿ ಗಂಗಮ್ಮ ಕಾಲಿಗೆ ನೀರು ಕೊಟ್ಟು, ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಬಡಿಸಿದರು. ತಂದೆ ಶಿವಲಿಂಗಪ್ಪ ಕಂಬಕ್ಕೆ ಒರಗಿ ಸುಮ್ಮನೆ ಕುಳಿತಿದ್ದರು. ಸುದ್ದಿ ತಿಳಿದು ಊರ ಮಾಲೀಪಾಟೀಲರೂ ಬಂದರು.

“ತಪ್ಪ ತಿಳೀಬ್ಯಾಡ್ರಿ, ಕೇಳೇ ಬಿಡ್ತೀನಿ” ಎಂದರು ಪಾಟೀಲರು. “ಹುಡುಗ ಖರೇನ ಹಾರಸ್ತಿದ್ದನೇನ್ರಿ? ಜ್ವರ ಬಂದು ಹೋದ ಅಂತ ತಾರ್ ಬಂತು. ವಿಮಾನ ಒರಸೋ ಕೆಲಸದಾಗ ಇದ್ದ ಅಂತಾರ ಊರಾಗ.”

ಶಿವಲಿಂಗಪ್ಪನವರು ತಲೆ ಎತ್ತಲಿಲ್ಲ. ಆರು ತಿಂಗಳಿಂದ ಅವರು ಮಗನ ಹೆಸರೆತ್ತಿರಲಿಲ್ಲ ಎಂದು ಆಮೇಲೆ ತಿಳಿಯಿತು.

ಉಣ್ಣುವುದನ್ನು ಬಿಟ್ಟು ಹೇಳಿದೆ. “ನಾ ಇವತ್ತ ನಿಮ್ಮ ಮುಂದ ಕುಂತೀನಿ ಅಂದ್ರ ಅಂವ ಹಾರಸಿದ್ದಕ್ಕ ಕುಂತೀನ್ರಿ.” ಪೂರ್ವದ ಗಡಿಯಲ್ಲಿ ಒಂದು ದಿನ ಅವನ ಹಿಂದಿನ ಸೀಟಿನಲ್ಲಿ ನಾನಿದ್ದೆ. ಕೆಳಗೆಲ್ಲ ಕಾಡು. ಇಂಜಿನ್ನಿನ ಎಣ್ಣೆಯ ನಳಿಗೆ ಒಡೆದು ಮುಂದಿನ ಗಾಜೆಲ್ಲ ಕಪ್ಪಾಯಿತು. ಅವನು ಕತ್ತು ಹೊರಗೆ ಚಾಚಿ ನೋಡುತ್ತ, ಹೊಳೆಯ ಮರಳ ದಂಡೆಯ ಮೇಲೆ ವಿಮಾನ ಇಳಿಸಿದ. ನಾನು ನಳಿಗೆ ಸರಿಪಡಿಸಿ ಡಬ್ಬಿಯಲ್ಲಿದ್ದ ಎಣ್ಣೆ ತುಂಬುವ ಹೊತ್ತಿಗೆ ಅವನು ನಡುಗುತ್ತಿದ್ದ. ಮೈ ಮುಟ್ಟಿದರೆ ಕೆಂಡ. ಮೂರು ದಿನದಿಂದ ಜ್ವರವಿದ್ದರೂ ಯಾರಿಗೂ ಹೇಳಿರಲಿಲ್ಲ. “ಏ, ಹತ್ತು. ಮನಿಗೆ ಮುಟ್ಟಸ್ತೀನಿ” ಎಂದ. ಮುಟ್ಟಿಸಿದ. ಇಳಿದ ಮೇಲೆ ಅವನಿಗೆ ನಿಲ್ಲಲಾಗಲಿಲ್ಲ. ಒಂಬತ್ತನೆಯ ದಿನ ಆಸ್ಪತ್ರೆಯಲ್ಲಿ ಹೋದ.

ಕೈ ತೊಳೆದು, ಟ್ರಂಕಿನಿಂದ ಪುಸ್ತಕ ತೆಗೆದು ಅವರ ಮುಂದಿಟ್ಟೆ. ಅವನ ತಂಗಿ ನೀಲಮ್ಮ, ತವರಿಗೆ ಬಂದಿದ್ದವಳು, ಮಗುವನ್ನು ಕಂಕುಳಲ್ಲಿಟ್ಟುಕೊಂಡು ಪುಸ್ತಕದ ಹಾಳೆ ತಿರುವುತ್ತಿದ್ದಳು. ಎಲ್ಲವೂ ಇಂಗ್ಲಿಷ್. ಒಂದು ಕಡೆ ಅವಳ ಬೆರಳು ನಿಂತಿತು.

“ಇಲ್ಲಿ ಕನ್ನಡದಾಗ ಬರದಾನ್ರೀ ಅಣ್ಣ!” ಅಂಚಿನಲ್ಲಿ ಪೆನ್ಸಿಲ್ಲಿನಿಂದ ಬರೆದದ್ದನ್ನು ಅವಳು ಓದಿದಳು: “ಕಮಲಾಪುರ. ಎರಡು ಸುತ್ತು.”

ನಾನು ನೋಡಿದೆ. ಅವನು ಇನ್ನೂ ಕಲಿಯುತ್ತಿದ್ದ ಕಾಲದ ಪುಟ. ನಾನು ಅಲ್ಲಿಗೆ ಕಣ್ಣು ಹಾಯಿಸಿರಲೇ ಇಲ್ಲ. ಪುಣೆಯಿಂದ ಸಿಕಂದರಾಬಾದಿಗೆ, ಒಬ್ಬನೇ ಹಾರಿದ್ದ. ತಾರೀಖನ್ನು ಗಟ್ಟಿಯಾಗಿ ಓದಿದೆ.

ನೀಲಮ್ಮ ಮಗುವನ್ನು ಅವುಚಿಕೊಂಡು ಅಲ್ಲೇ ಕುಳಿತುಬಿಟ್ಟಳು. “ಇವಳನ್ನ ತೊಟ್ಟಿಲಾಗ ಹಾಕಿದ ದಿನ ಅದು. ರಜಾ ಇಲ್ಲಂದ್ರೂ ಹ್ಯಾಂಗರ ಮಾಡಿ ಬಾ ಅಂತ ಬರದಿದ್ದೆ. ಆವತ್ತ ವಿಮಾನ ಬಂದಿತ್ತಲ್ಲವ್ವಾ!”

ಬಂದಿತ್ತು. ಊರಿಗೆ ಊರೇ ನೋಡಿತ್ತು. ಹೆಸರಿಡುವ ಹೊತ್ತಿಗೆ ಹೆಂಗಸರೆಲ್ಲ ಹಾಡು ನಿಲ್ಲಿಸಿ ಹೊರಗೆ ಓಡಿದ್ದರಂತೆ. ಗಂಗಮ್ಮ ಸೆರಗು ಬೀಸಿದ್ದರಂತೆ, ಎಲ್ಲರೂ ಬೀಸಿದರೆಂದು.

ಶಿವಲಿಂಗಪ್ಪನವರು ಮೊದಲ ಬಾರಿ ಬಾಯಿ ತೆರೆದರು. “ನಾ ತೋಟದಾಗ ನಿಂತಿದ್ದೆ. ರುಮಾಲು ತಗದು ಬೀಸಿದೆ. ಯಾರ ಮಗನೋ ಏನೋ, ಛಂದ ಹಾರಸ್ತಾನ ಅಂದಿದ್ದೆ.” ಅವರ ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಆದರೆ ಮುಖ ನಗುತ್ತಿತ್ತು. “ನನ್ನ ಮಗ! ನನ್ನ ಗುರುನಾಥ!”

ಪಾಟೀಲರು ಎದ್ದು ಅವರ ಕೈ ಹಿಡಿದರು. “ನಂದು ತಪ್ಪಾತು, ಶಿವಲಿಂಗಪ್ಪ. ನಾನೂ ಬಾವಿಕಟ್ಟಿ ಮ್ಯಾಲ ನಿಂತು ಕಣ್ಣಾರೆ ನೋಡೀನಿ.” ಹೊರಗೆ ಹೋಗಿ ಡಂಗುರ ಸಾರಿಸಿದರು: ಆವತ್ತು ಬಂದ ವಿಮಾನ ನಮ್ಮೂರ ಗುರುನಾಥಪ್ಪನದು! ಸಂಜೆಯವರೆಗೂ ಜನ ಬರುತ್ತಲೇ ಇದ್ದರು. ತಾವು ಎಲ್ಲಿ ನಿಂತಿದ್ದೆವು, ರೆಕ್ಕೆ ಯಾವ ಕಡೆ ವಾಲಿತ್ತು ಎಂದು ಒಬ್ಬೊಬ್ಬರೂ ಹೇಳಿದರು. ಗಂಗಮ್ಮ ಬಂದವರ ಕೈಗೆಲ್ಲ ಸಕ್ಕರೆ ಹಾಕಿದರು.

ಮರುದಿನ ಬೆಳಿಗ್ಗೆ ಪುಸ್ತಕವನ್ನು ಅವರಿಗೇ ಒಪ್ಪಿಸಿ ಹೊರಟೆ. ಶಿವಲಿಂಗಪ್ಪನವರು ಒಂದು ಗೊನೆ ಹೊತ್ತು ಬಸ್ಸಿನವರೆಗೂ ಬಂದರು. ನಾನು ಹತ್ತಿ ಕುಳಿತರೂ ಬಸ್ಸು ಹೊರಡಲಿಲ್ಲ. ಕಿಟಕಿಯಿಂದ ಬಗ್ಗಿ ನೋಡಿದೆ. ಅವರು ಡ್ರೈವರನನ್ನು ನಿಲ್ಲಿಸಿಕೊಂಡು, ಎರಡೂ ತೋಳು ಚಾಚಿ, ವಾಲಿ ತೋರಿಸುತ್ತಿದ್ದರು. ಬಸ್ಸಿನ ಜನವೆಲ್ಲ ಒಂದೇ ಕಡೆ ಬಂದು ಕಿಟಕಿಗೆ ಕವಿದಿದ್ದರು. ಹೊತ್ತಾಯಿತೆಂದು ಒಬ್ಬರೂ ಅನ್ನಲಿಲ್ಲ.

ಡ್ರೈವರ್ ಮೆಟ್ಟಿಲ ಮೇಲೆ ಕುಳಿತು ಬೀಡಿ ಆರಿಸಿದ. “ಹೇಳ್ರಿ ಗೌಡ್ರ, ಮುಂದ?”